ಸ್ಯಾಡ್ಲರ್ ಹೆಸರಿನ ಹನ್ನೊಂದು ಮನೆಗಳು

1958ರಲ್ಲಿ ನಾನು ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. 1958 ಎಂದು ನನ್ನ ಡೈರಿ ಹೇಳುತ್ತದೆ. ಆದರೆ ಆ ಡೈರಿಗೆ ಗೆದ್ದಲು ಹಿಡಿದಾಗ ನಾನೇ ಕೂತು ಅದನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿದ್ದೆ. ನಕಲು ಮಾಡುವಾಗ ಏನನ್ನು ಬಿಟ್ಟೆ, ಏನನ್ನು ತಿದ್ದಿದೆ ಎಂಬುದಕ್ಕೆ ಸಾಕ್ಷಿಯಿಲ್ಲ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಪ್ರೊಫೆಸರರಿಗೆ ಇಂಗ್ಲಿಷ್ ಅಡ್ಡಹೆಸರುಗಳ ಹುಚ್ಚು. ಸ್ಮಿತ್, ಟೇಲರ್, ಕೂಪರ್ ಮುಂತಾದವು ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಕಸುಬಿನ ಹೆಸರುಗಳಾಗಿದ್ದವು. ಕಬ್ಬಿಣ ಬಡಿಯುವವನು ಸ್ಮಿತ್, ಪೀಪಾಯಿ ಮಾಡುವವನು ಕೂಪರ್. ಕಾಲ ಕಳೆದಂತೆ ಮಗ ಆ ಕಸುಬು ಬಿಟ್ಟರೂ ಹೆಸರು ಉಳಿದು, ಮನೆತನಕ್ಕೆ ಅಂಟಿಕೊಂಡಿತು. ಊರಿಗೊಬ್ಬ ಕಮ್ಮಾರ ಇದ್ದುದರಿಂದ ಆ ಹೆಸರು ಊರೂರಿನಲ್ಲೂ ಬೇರೆ ಬೇರೆಯಾಗಿ ಹುಟ್ಟಿತು. ಹಾಗಾಗಿ ಇಬ್ಬರು ಸ್ಮಿತ್‌ಗಳು ಎದುರಾದರೆ ಅವರು ದಾಯಾದಿಗಳೇ ಆಗಬೇಕೆಂದಿಲ್ಲ. ಈ ವಿಷಯದ ಮೊದಲ ಪಾಠವೇ ಇದು. ನಾನು ಇದನ್ನು ಎಂ.ಎ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.

ಇಂಥದೇ ಒಂದು ಹೆಸರು ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ಇದೆಯೆಂದು ಪ್ರೊಫೆಸರರಿಗೆ ಯಾರೋ ಹೇಳಿದ್ದರು. ಆ ಹೆಸರು ಸ್ಯಾಡ್ಲರ್, ಎಂದರೆ ಕುದುರೆಯ ಜೀನು ಹೊಲಿಯುವವನು. ಹಿಂದೆ ಬೆಂಗಳೂರಿನ ದಂಡಿನಲ್ಲಿ ಕುದುರೆಪಡೆಗೆ ಜೀನು ಹೊಲಿಯುವ ಒಂದು ಕಾರ್ಖಾನೆ ಇತ್ತು. ಶಿರಾ, ಪಾವಗಡ, ಕೊರಟಗೆರೆ ಕಡೆಯಿಂದ ತೊಗಲಿನ ಕೆಲಸ ಬಲ್ಲವರು ಅಲ್ಲಿಗೆ ಹೋಗಿದ್ದರು. ಮಸ್ಟರ್ ರೋಲಿನಲ್ಲಿ, ಅಂದರೆ ಕೆಲಸಗಾರರ ಹಾಜರಿ ಪುಸ್ತಕದಲ್ಲಿ, ಪ್ರತಿಯೊಬ್ಬನ ಹೆಸರಿನ ಹಿಂದೆ ಅವನ ಕೆಲಸವನ್ನು ಬರೆಯುತ್ತಿದ್ದರು: ಸ್ಯಾಡ್ಲರ್ ಮುನಿಯ, ಸ್ಯಾಡ್ಲರ್ ಹನುಮ. ಕಾರ್ಖಾನೆ ಮುಚ್ಚಿ ಅವರು ಊರಿಗೆ ಮರಳಿದಾಗ ಹೆಸರೂ ಜೊತೆಗೆ ಬಂತು. ಆ ಹೆಸರಿನ ಮನೆಗಳನ್ನು ಹುಡುಕಿ ನಕ್ಷೆಯಲ್ಲಿ ಗುರುತು ಮಾಡುವುದು ನನ್ನ ಕೆಲಸ.

ಮೊದಲು ಬೆಂಗಳೂರಿನ ಕಚೇರಿಯೊಂದರಲ್ಲಿ ಆ ಮಸ್ಟರ್ ರೋಲನ್ನು ನೋಡಿ ಟಿಪ್ಪಣಿ ಮಾಡಿಕೊಂಡೆ. ಪ್ರೊಫೆಸರರು ಅಚ್ಚು ಹಾಕಿಸಿದ್ದ ಕಾರ್ಡಿನಲ್ಲಿ ನಾಲ್ಕು ಕಾಲಂ ಇದ್ದವು: ಹೆಸರು, ಕಸುಬು, ಊರು, ವರ್ಷ. ರೋಲಿನಲ್ಲಿ ತಂದೆಯ ಹೆಸರೂ ಇತ್ತು. ಕಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲದ ಕಾರಣ ನಾನು ಅದನ್ನು ಓದಿದೆ, ಬರೆದುಕೊಳ್ಳಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಮಧುಗಿರಿಯಲ್ಲಿ ಒಂದು ಕೋಣೆ ಹಿಡಿದು ತಿರುಗಾಟ ಶುರು ಮಾಡಿದೆ. ಶಿರಾದಲ್ಲಿ ನನಗೆ ಸಿಕ್ಕ ಮೊದಲ ಮನುಷ್ಯ ಖಾದರ್ ಸಾಬರು. ಎಪ್ಪತ್ತರ ಹತ್ತಿರದ ವಯಸ್ಸು, ತೊಗಲಿನ ಅಂಗಡಿ. ಅವರ ತಂದೆಯೂ ಅದೇ ಕಾರ್ಖಾನೆಯಲ್ಲಿದ್ದವರು.

"ನಮ್ ಅಬ್ಬಾನ್ನೂ ಸ್ಯಾಡ್ಲರ್ ಅಂತ್ಲೇ ಕೂಗೋರು ಮೇಷ್ಟ್ರೇ. ಇವತ್ತೂ ಪೋಸ್ಟ್‌ಮನ್ನು ಸ್ಯಾಡ್ಲರ್ ಖಾದರ್ ಅಂದ್ರೇನೇ ಕಾಗ್ದ ಕೊಡೋದು. ಕುದುರೆ ಕಂಡು ನಲವತ್ ವರ್ಷ ಆಯ್ತು, ಹೆಸ್ರು ಮಾತ್ರ ಕಳಚ್‌ಕೊಳ್ಳಲ್ಲ ಅಂತದೆ" ಎಂದು ನಕ್ಕರು.

ಶಿರಾದಲ್ಲಿ ಐದು ಮನೆ ಸಿಕ್ಕವು, ಐದೂ ಮುಸಲ್ಮಾನರವು. ಮಧುಗಿರಿಯಲ್ಲಿ ಒಂದು. ಪಾವಗಡ ತಾಲ್ಲೂಕಿನಲ್ಲಿ ಮೂರು, ಅವು ಹಿಂದೂ ಕುಟುಂಬಗಳು. ಅವುಗಳಲ್ಲಿ ಒಂದು ಓಬಳಪ್ಪ ಎಂಬುವನ ಮನೆ. ಓಬಳಪ್ಪ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಸೋದರಮಾವನ ಊರಿಗೆ ಬಂದು ಬೆಳೆದವನು. ಆ ಊರಿನಲ್ಲಿ ತೆಲುಗಿನವರ ಪದ್ಧತಿಯಂತೆ ಮಾವನ ಮನೆಯ ಹೆಸರಿನಿಂದಲೇ ಅವನನ್ನು ಕರೆಯುತ್ತಿದ್ದರು. ನಾನು ಬಿಡದೆ ಕೇಳಿದ ಮೇಲೆ ತಲೆ ಕೆರೆದುಕೊಂಡು, "ಮಾ ತಾತ, ನಮ್ಮಪ್ಪನ ಅಪ್ಪ, ದಂಡಲ್ಲಿದ್ದೋನು ಸ್ವಾಮಿ. ಸಾಡ್ಲರ್ ಹನುಮ ಅಂತಿದ್ರಂತೆ" ಎಂದ. ಮಸ್ಟರ್ ರೋಲಿನ ಹನುಮ ಈ ತಾತನೇ! ನಾನು ಸಂತೋಷದಿಂದ ಕಾರ್ಡು ತುಂಬಿದೆ. ಮಗಳು ಅಂಜಿನಮ್ಮನನ್ನು ಕೊರಟಗೆರೆ ಕಡೆ ಮದುವೆ ಮಾಡಿಕೊಟ್ಟಿದ್ದೇನೆಂದೂ ಅವನು ಮಾತಿನ ನಡುವೆ ಹೇಳಿದ.

ಎರಡು ವಾರದ ನಂತರ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಹೋಬಳಿಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಸ್ಯಾಡ್ಲರ್ ಮುನಿಯನ ಮೊಮ್ಮಕ್ಕಳ ಎರಡು ಮನೆಗಳಿದ್ದವು. ಒಂದರಲ್ಲಿ ಮೂಡ್ಲಗಿರಿ ಎಂಬ ಇಪ್ಪತ್ಮೂರು ವರ್ಷದ ಯುವಕ, ಅವನ ತಾಯಿ, ಇಬ್ಬರು ತಂಗಿಯರು, ಹೆಂಡತಿ. ಜಗುಲಿಯ ಮೇಲೆ ಚಾಪೆ ಹಾಸಿದರು. ಹೆಂಡತಿ ಚೊಂಬಿನಲ್ಲಿ ನೀರು ತಂದಿಟ್ಟಳು. ಆಗ ಅವಳಿಗೆ ಐದು ತಿಂಗಳು ತುಂಬಿತ್ತು. ಯಾವ ಊರಿನ ಹೆಣ್ಣು ಎಂದು ನಾನು ಸುಮ್ಮನೆ ಕೇಳಿದೆ. ಊರು ಹೇಳಿದಳು.

"ಅರೆ, ನೀನು ಓಬಳಪ್ಪನ ಮಗಳು ಅಂಜಿನಮ್ಮನಾ? ನಿಮ್ಮಪ್ಪನನ್ನು ಎರಡು ವಾರದ ಹಿಂದೆ ತಾನೇ ನೋಡಿಬಂದೆ. ನಿಮ್ಮದೂ ಸ್ಯಾಡ್ಲರ್ ಮನೆತನವೇ ಅಲ್ಲವೇ!" ಎಂದೆ.

ಗಟ್ಟಿಯಾಗಿಯೇ ಹೇಳಿದೆ. ನಾಲ್ಕು ತಾಲ್ಲೂಕು ಅಲೆದು ಎರಡು ಕೊನೆಗಳನ್ನು ಗಂಟು ಹಾಕಿದವನ ಹೆಮ್ಮೆ ಅದು. ಒಳಗೆ ರಾಗಿ ಬೀಸುತ್ತಿದ್ದ ತಾಯಿ ಹೊರಗೆ ಬಂದು, "ಏನಂದ್ರಿ ಸ್ವಾಮಿ? ಇನ್ನೊಂದ್ ಸಲ ಅನ್ನಿ" ಎಂದಳು.

ನಾನು ಇನ್ನೊಂದು ಸಲವೂ ಅಂದೆ.

ಅವರಿಗೆ ಅದರ ಅರ್ಥವೇನೆಂದು ನನಗೆ ಮಾರನೆಯ ದಿನ ತಿಳಿಯಿತು. ಆ ಕಡೆ ಮದುವೆಯ ಮಾತಾಡುವ ಮೊದಲು ಬೆಡಗು ಕೇಳುತ್ತಾರೆ. ಬೆಡಗು ಎಂದರೆ ಒಂದೇ ಮೂಲಪುರುಷನಿಂದ ಬಂದ ಗುಂಪು. ಒಂದೇ ಬೆಡಗಿನ ಹೆಣ್ಣು ಗಂಡು ಅಣ್ಣ ತಂಗಿಯ ಲೆಕ್ಕ. ಮುನಿಯನ ಮಕ್ಕಳು ದಂಡಿನಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಹಳೆಯ ಬೆಡಗಿನ ಹೆಸರು ಮರೆತೇ ಹೋಗಿತ್ತು. ಊರಿಗೆ ಬಂದ ಮೇಲೆ ಯಾರಾದರೂ ಕೇಳಿದರೆ "ಸಾಡ್ಲರೋರು" ಎನ್ನುತ್ತಿದ್ದರು. ಹೀಗೆ ಒಂದು ಇಂಗ್ಲಿಷ್ ಕೆಲಸದ ಹೆಸರು ಮೂರು ತಲೆಮಾರಿನಲ್ಲಿ ಬೆಡಗಾಗಿ ಕೂತಿತ್ತು. ಓಬಳಪ್ಪನ ಮಗಳ ಮದುವೆಯಲ್ಲಿ ಮಾವನ ಮನೆಯ ಹೆಸರು ಹೇಳಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಈಗ ನಾನು ಹೋಗಿ ಗಂಡ ಹೆಂಡತಿಯನ್ನು ಅಣ್ಣ ತಂಗಿ ಮಾಡಿ ಬಂದಿದ್ದೆ.

ಮೂರನೆಯ ದಿನ ಮೂಡ್ಲಗಿರಿ ನನ್ನನ್ನು ಹುಡುಕಿಕೊಂಡು ಮಧುಗಿರಿಗೆ ನಡೆದೇ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಗುರುವಾರ ಕುಲದೋರು ಸೇರ್ತಾರೆ ಸ್ವಾಮಿ. ತಾಳಿ ಬಿಚ್ಸಬೇಕು ಅಂತಾವ್ರೆ. ನಮ್ಮವ್ವ ಅವ್ಳ ಕೈನೀರು ಮುಟ್ತಿಲ್ಲ. ಅವ್ಳು ಕೊಟ್ಟಿಗೇಲಿ ಮಲಗ್ತಾವ್ಳೆ."

ನನಗೆ ತಿಳಿದದ್ದನ್ನು ಹೇಳಿದೆ. ಇದು ಕೆಲಸದ ಹೆಸರು, ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಇಂಗ್ಲೆಂಡಿನ ಕಥೆಯನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ ಕೇಳಿದ: "ನಮ್ ತಾತನೂ ಅವ್ಳ ಮುತ್ತಾತನೂ ಬ್ಯಾರೆ ಬ್ಯಾರೆ ಅಪ್ಪನ ಮಕ್ಳಾ?"

"ಹೌದು ಅಂತ ಕಾಣುತ್ತೆ. ಪುಸ್ತಕದಲ್ಲಿ ಬೇರೆ ಬೇರೆ ಹೆಸರಿತ್ತು."

"ಅಷ್ಟ್ ಬಂದು ಯೋಳ್‌ಬುಡಿ ಸ್ವಾಮಿ. ಸುಳ್ ಯೋಳಿ ಅಂತಿಲ್ಲ. ನಿಮ್ಗೆ ಗೊತ್ತಿರೋದ್ ಯೋಳಿ."

"ಇಬ್ಬರೂ ಬೆಂಗಳೂರಿಗೆ ಹೊರಟುಹೋಗಿ, ಅಲ್ಲಿ ಯಾರೂ ಕೇಳುವುದಿಲ್ಲ" ಎಂದೆ. ಅವನು ತಲೆಯಾಡಿಸಿದ. "ಇಬ್ರು ತಂಗಿರವ್ರೆ. ನಾನ್ ಓಡೋದ್ರೆ ಅವ್ರನ್ ಯಾರ್ ಮಾಡ್ಕೊಂತಾರೆ?"

ಗುರುವಾರ ನಾನು ಖಾದರ್ ಸಾಬರನ್ನೂ ಕರೆದುಕೊಂಡು ಹೋದೆ. ಊರಾಚೆಯ ಹುಣಸೆ ಮರದ ಕೆಳಗೆ ಮೂವತ್ತು ಮೂವತ್ತೈದು ಜನ ಸೇರಿದ್ದರು. ಯಜಮಾನ ಚಿಕ್ಕರಂಗಪ್ಪ ಮೃದುವಾಗಿ ಮಾತಾಡುವ ಮುದುಕ. ಅವನನ್ನು ಕ್ರೂರಿ ಎಂದು ಬರೆದರೆ ನನಗೆ ಅನುಕೂಲ, ಆದರೆ ಅವನು ಕ್ರೂರಿಯಾಗಿರಲಿಲ್ಲ. ನಮಗಾಗಿ ಎದ್ದು ನಿಂತು ಕೂರಲು ಕಂಬಳಿ ಹಾಸಿಸಿದ. ಓಬಳಪ್ಪ ಒಂದು ಕಡೆ ತಲೆ ತಗ್ಗಿಸಿ ಕೂತಿದ್ದ. ಹೆಂಗಸರ ಕಡೆ ಅಂಜಿನಮ್ಮ ಒಬ್ಬಳೇ, ಸುತ್ತ ಒಂದು ಮಾರು ಜಾಗ ಬಿಟ್ಟು ಉಳಿದವರು.

ಖಾದರ್ ಸಾಬರು ಮೊದಲು ಮಾತಾಡಿದರು. "ಯಜಮಾನ್ರೇ, ಅದು ಖಾಂದಾನ್ ಹೆಸ್ರಲ್ಲ, ಕೆಲ್ಸದ ಹೆಸ್ರು. ಸೂಜಿ ಹಿಡಿದೋರೆಲ್ಲ ಸ್ಯಾಡ್ಲರ್ರೇ. ನಾನೂ ಸ್ಯಾಡ್ಲರ್ರೇ. ಅಂಗಂದ್ರೆ ಈ ಹುಡ್ಗಿಗೆ ನಾನೂ ಒಬ್ಬ ತಾತ ಆಗ್ಬೇಕಲ್ಲ? ಆಗ್ಲಿ, ನಂಗೇನ್ ಬ್ಯಾಸರ ಇಲ್ಲ, ಮುಂದಿನ್ ತಿಂಗ್ಳು ಸೀಮಂತಕ್ಕೆ ಸೀರೆ ನಂದೇ!"

ಕೆಲವರು ನಕ್ಕರು. ಆ ನಗುವಿನಲ್ಲಿ ಎಲ್ಲವೂ ಸಡಿಲವಾದಂತೆ ಕಂಡಿತು. ಚಿಕ್ಕರಂಗಪ್ಪನೂ ಮುಗುಳ್ನಕ್ಕು ನನ್ನ ಕಡೆ ತಿರುಗಿದ.

"ಸಾಬ್ರು ಯೋಳಿದ್ದು ಸರಿ ಇರ್ಬೋದು. ಆದ್ರೂ ಒಂದ್ ಮಾತು. ಒಂದೇ ಮನೆ ಅಣ್ತಮ್ದಿರು ಇಬ್ರು ಅದೇ ಕಾರ್ಖಾನೆಗ್ ಓಗಿ, ಆಮೇಲೆ ಒಬ್ಬ ಈ ಕಡೆ, ಒಬ್ಬ ಪಾವಗಡದ್ ಕಡೆ ಬಂದಿರ್ಬೋದಲ್ವಾ? ನೀವು ಪುಸ್ತಕ ನೋಡಿದೋರಂತೆ. ಮುನಿಯನ ಅಪ್ಪನೂ ಹನುಮನ ಅಪ್ಪನೂ ಬ್ಯಾರೆ ಬ್ಯಾರೆ ಅಂತ ನೀವ್ ಕಣ್ಣಾರೆ ಕಂಡ್ರಾ?"

ಉತ್ತರ ನನ್ನ ನಾಲಗೆಯ ಮೇಲಿತ್ತು. ಮುನಿಯ ಬಿನ್ ಗಂಗಪ್ಪ, ಹನುಮ ಬಿನ್ ತಿಮ್ಮಣ್ಣ. ಎರಡು ಸಾಲುಗಳೂ ಕಣ್ಣ ಮುಂದೆ ನಿಂತಿದ್ದವು. ಅಷ್ಟರಲ್ಲಿ ನನ್ನ ಓದು ಎದ್ದು ಕೂತಿತು. ತಿಮ್ಮಣ್ಣ ಹನುಮನ ಸಾಲಿನಲ್ಲಿದ್ದನೋ ಅದರ ಕೆಳಗಿನ ಸಾಲಿನಲ್ಲಿದ್ದನೋ? ಈ ಹುಡುಗನ ಮುಖ ನೋಡಿದ ಮೇಲೆ ನನ್ನ ಮನಸ್ಸೇ ಆ ಹೆಸರನ್ನು ಹುಟ್ಟಿಸಿಕೊಂಡಿದ್ದರೆ? ಕಾರ್ಡಿನಲ್ಲಿ ಇಲ್ಲದ್ದನ್ನು ಹೇಳುವುದು ಯಾವ ಸಂಶೋಧನೆ?

"ಕಂಡ ನೆನಪಿದೆ. ಆದರೆ ಬರೆದುಕೊಂಡಿಲ್ಲ. ಖಚಿತವಾಗಿ ಹೇಳಲಾರೆ" ಎಂದೆ.

"ಒಂದೇ ಅಪ್ಪ ಇರೋಕ್ ಸಾಧ್ಯನೇ ಇಲ್ಲ ಅಂತೀರಾ?"

"ಸಾಧ್ಯವೇ ಇಲ್ಲ ಎಂದು ಹೇಳಲಾಗುವುದಿಲ್ಲ."

ಖಾದರ್ ಸಾಬರು ನನ್ನ ತೊಡೆಯನ್ನು ಗಟ್ಟಿಯಾಗಿ ಅದುಮಿದರು. ಆಗಲೇ ಗಂಡಸರ ಸಾಲಿನಿಂದ ಯಾರೋ, "ಓದಿರೋ ಸ್ವಾಮೇರಿಗೇ ಅನ್ಮಾನ, ಇನ್ ನಮ್ದೇನು" ಎಂದ. ಮೂಡ್ಲಗಿರಿ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಇನ್ನೇನೋ ಒಂದು ಮಾತು ಬಾಕಿಯಿದೆ, ಅದನ್ನೂ ಹೇಳುತ್ತಾರೆ ಎಂದು ಕಾಯುವವನ ಹಾಗೆ.

ನಾನು ಪುಸ್ತಕವನ್ನು ಮತ್ತೆ ನೋಡಿ ನಕಲು ತರುತ್ತೇನೆ, ಸಮಯ ಕೊಡಿ ಎಂದೆ. ಚಿಕ್ಕರಂಗಪ್ಪ ಗುಂಪಿನ ಮೇಲೆ ಕಣ್ಣಾಡಿಸಿ, "ಅಮಾಸೆಗೆ ಇನ್ ಒಂಬತ್ ದಿನ ಅದೆ. ಅಲ್ಲಿಗಂಟ ಕಾಯ್ತೀವಿ. ಅದ್ರಿಂದಾಚೆ ನನ್ ಕೈಲಾಗಲ್ಲ" ಎಂದ.

ಹಿಂದಿರುಗುವಾಗ ಬಸ್ಸಿನಲ್ಲಿ ಖಾದರ್ ಸಾಬರು ಕೇಳಿದರು: "ಅಷ್ಟ್ ಪರೀಕ್ಷೆ ಪಾಸ್ ಮಾಡಿದ್ರಲ್ಲ ಮೇಷ್ಟ್ರೇ, ಹೌದು ಅನ್ನೋದು ಯಾವ ಕ್ಲಾಸಲ್ಲೂ ಹೇಳ್‌ಕೊಡಲಿಲ್ವಾ?"

ಮಾರನೆಯ ದಿನ ಬೆಂಗಳೂರಿಗೆ ಹೋದೆ. ದಾಖಲೆ ಕೋಣೆಯ ಗುಮಾಸ್ತರು ರಜೆಯಲ್ಲಿದ್ದರು. ಅವರ ಮನೆ ಹುಡುಕಿ, ಕೈಕಾಲು ಹಿಡಿದು, ಐದನೆಯ ದಿನ ಬೀಗ ತೆಗೆಸಿದೆ. ಪುಸ್ತಕ ಸಿಕ್ಕಿತು. ಮುನಿಯ ಬಿನ್ ಗಂಗಪ್ಪ, ಕೊರಟಗೆರೆ. ಹನುಮ ಬಿನ್ ತಿಮ್ಮಣ್ಣ, ಪಾವಗಡ. ನನ್ನ ನೆನಪು ಅಕ್ಷರ ಅಕ್ಷರವೂ ಸರಿಯಾಗಿತ್ತು.

ಆ ಸಂಜೆಯೇ ನಕಲು ಮಾಡಿಕೊಂಡು ಮರುದಿನದ ಬಸ್ಸಿಗೆ ಹೊರಟಿದ್ದರೆ ಏಳನೆಯ ದಿನ ಹಳ್ಳಿಯಲ್ಲಿರುತ್ತಿದ್ದೆ. ಹೊರಡಲಿಲ್ಲ. ಯಾಕೆಂದರೆ ಆ ಪುಸ್ತಕದ ಬರವಣಿಗೆಯೆಲ್ಲ ಒಂದೇ ಕೈಯದು, ಒಂದೇ ಮಸಿಯದು. ದಿನದಿನವೂ ಬರೆದ ಮೂಲವಲ್ಲ, ಆಮೇಲೆ ಯಾರೋ ಕೂತು ಅಂದವಾಗಿ ತೆಗೆದ ಪ್ರತಿ ಎಂದು ಕಾಣುತ್ತಿತ್ತು. ಪ್ರತಿಯಲ್ಲಿ ತಪ್ಪು ನುಸುಳಿದ್ದರೆ? ಯಜಮಾನ ಮತ್ತೆ "ಸಾಧ್ಯವೇ ಇಲ್ಲವಾ" ಎಂದು ಕೇಳಿದರೆ? ಈ ಸಲ ಅಲ್ಲಾಡದ ಸಾಕ್ಷಿ ಬೇಕೆಂದು ಮೂಲಪುಸ್ತಕಕ್ಕಾಗಿ ಕಟ್ಟು ಕಟ್ಟು ಬಿಚ್ಚಿದೆ. ಎಂಟನೆಯ ದಿನ ಮಧ್ಯಾಹ್ನದ ಮೇಲೆ ಅದು ಸಿಕ್ಕಿತು. ಅಲ್ಲಿಯೂ ಅದೇ ಇತ್ತು: ಗಂಗಪ್ಪ, ತಿಮ್ಮಣ್ಣ. ಮಧುಗಿರಿಯ ಬಸ್ಸು ಹೋಗಿಯಾಗಿತ್ತು. ಮರುದಿನ, ಅಮಾವಾಸ್ಯೆಯಂದು, ಮಧ್ಯಾಹ್ನದ ಬಸ್ಸು ಹಿಡಿದು ಮಧುಗಿರಿ ಸೇರುವಾಗ ಸಂಜೆ. ಹಳ್ಳಿ ತಲುಪಿದ್ದು ಮರುದಿನ ಬೆಳಗ್ಗೆ.

ನನ್ನನ್ನು ನೋಡಿದ ಕೂಡಲೇ ಚಿಕ್ಕರಂಗಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಹೊತ್ತು ಮುಳುಗೋಗಂಟ ದಾರಿ ನೋಡಿದ್ವಿ ಸ್ವಾಮಿ."

ನಡೆದದ್ದನ್ನು ಅವನೇ ಹೇಳಿದ. ತಾಳಿ ಬಿಚ್ಚಿಸಿದರು. ಮೂಡ್ಲಗಿರಿ ಒಂದು ತಟ್ಟೆಯಲ್ಲಿ ಸೀರೆ, ಅರಿಶಿನ ಕುಂಕುಮ ಇಟ್ಟು ಅಂಜಿನಮ್ಮನಿಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಮೂರು ಸಲ "ತಂಗಿ" ಎನ್ನಬೇಕಾಗಿತ್ತು. ಎರಡು ಸಲ ಅಂದನಂತೆ. ಮೂರನೆಯ ಸಲ ಬಾಯಿ ಬರಲಿಲ್ಲ. ಅವಳೇ, "ಅಂದ್ಬುಡಯ್ಯ, ಮುಗಿಸ್‌ಬುಡು" ಎಂದಳಂತೆ. ಆಮೇಲೆ ಅಂದ. ನಾನು ಅಲ್ಲಿರಲಿಲ್ಲ. ಆದರೂ ಅವನ ತುಟಿ, ಆ ತಟ್ಟೆಯ ಅಂಚು, ಅವಳು ಚಾಚಿದ ಕೈ ಎಲ್ಲವೂ ಕಂಡಂತೆಯೇ ನೆನಪಿವೆ. ನನ್ನ ನೆನಪುಗಳಲ್ಲಿ ಖಂಡಿತವಾಗಿ ಸುಳ್ಳಾದದ್ದು ಇದೊಂದೇ, ಬಿಡದೆ ಕಾಡಿದ್ದೂ ಇದೇ.

ನಾನು ನಕಲನ್ನು ತೆಗೆದು ಓದಿದೆ. ಈಗ ಖಚಿತವಾಗಿದೆ, ಇಬ್ಬರಿಗೂ ಸಂಬಂಧವಿಲ್ಲ, ಅವಳನ್ನು ಕರೆಸಿ ಎಂದೆ. ಬಹುಶಃ ಕೂಗಿದೆ.

"ಕುಲದ್ ಮುಂದೆ ಬಾಯಲ್ಲಿ ತಂಗಿ ಅಂದಾದ್ಮೇಲೆ ತಂಗಿನೇಯ ಸ್ವಾಮಿ. ನಿನ್ನೆ ಅನ್ನೋಕ್ ಮುಂಚೆ ಅಲ್ಲ. ಇವತ್ತು ಹೌದು. ಕಾಗ್ದ ತಂದು ಅದನ್ನ ಯಂಗ್ ಅಳಿಸ್ತೀರಿ?" ಎಂದು ಚಿಕ್ಕರಂಗಪ್ಪ ಕೈ ಮುಗಿದ.

ಮೂಡ್ಲಗಿರಿ ಮನೆಯಲ್ಲಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಎಲ್ಲಿಗೋ ಹೋಗಿದ್ದ. ಅವನನ್ನು ನಾನು ಮತ್ತೆ ನೋಡಲಿಲ್ಲ. ಬೆಂಗಳೂರಿನ ಮಿಲ್ಲೊಂದರಲ್ಲಿ ಇದ್ದಾನೆಂದು ಒಬ್ಬರು, ಭದ್ರಾವತಿಯಲ್ಲಿ ಕಂಡೆನೆಂದು ಇನ್ನೊಬ್ಬರು ಆಮೇಲೆ ಹೇಳಿದರು.

ನಾಲ್ಕು ದಿನ ಬಿಟ್ಟು ಪಾವಗಡಕ್ಕೆ ಹೋದೆ. ಯಾಕೆ ಹೋದೆನೆಂದು ಈಗಲೂ ಹೇಳಲಾರೆ. ನಕಲನ್ನು ಯಾರಿಗಾದರೂ ತಲುಪಿಸಬೇಕಿತ್ತು. ಓಬಳಪ್ಪ ನನ್ನನ್ನು ಒಳಗೆ ಕರೆಯಲಿಲ್ಲ. "ಇಂಕೇಮಿ ಸ್ವಾಮಿ, ಇನ್ನೇನ್ ಉಳಿದೈತೆ ಕೇಳೋಕೆ?" ಎಂದು ಬೆನ್ನು ತಿರುಗಿಸಿದ. ಅಂಜಿನಮ್ಮ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಕತ್ತು ಬರಿದಾಗಿತ್ತು.

ಅವಳೇ ಕೇಳಿದಳು. "ಅದ್ರಲ್ಲಿ ಏನೈತೆ? ಓದಿ."

ಓದಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಇದನ್ನೇ ಅವತ್ತು ಮರದ್ ಕೆಳಗೆ ಅಂದಿದ್ರೆ ಆಗ್ತಿತ್ತಲ್ಲ."

"ಅವತ್ತು ಕಾಗದ ಇರಲಿಲ್ಲಮ್ಮ."

"ಅಲ್ಲಿ ಓದು ಬರೋರು ಯಾರಿದ್ರು ಸ್ವಾಮಿ? ನಾವು ನಿಮ್ ಬಾಯ್ ನೋಡ್ತಾ ಕುಂತಿದ್ವಿ."

ಅವಳು ಮೊರವೆತ್ತಿಕೊಂಡು ಒಳಗೆ ಹೋದಳು. ಬೇಸಿಗೆಯಲ್ಲಿ ಅವಳಿಗೆ ಹೆಣ್ಣುಮಗುವಾಯಿತೆಂದು ಖಾದರ್ ಸಾಬರು ಕಾರ್ಡು ಬರೆದಿದ್ದರು. ತಾವು ಹೇಳಿದ್ದ ಸೀರೆಯನ್ನು ಪಾವಗಡಕ್ಕೆ ಕಳಿಸಿಕೊಟ್ಟೆ ಎಂದೂ ಅದರಲ್ಲಿತ್ತು.

ವರದಿ 1960ರಲ್ಲಿ ಮುಗಿಯಿತು. ಸ್ಯಾಡ್ಲರ್ ಹೆಸರಿನ ಹನ್ನೊಂದು ಮನೆಗಳು, ನಾಲ್ಕು ತಾಲ್ಲೂಕು, ಒಂದು ನಕ್ಷೆ. ಕೊನೆಯ ಪುಟದಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದ ಒಂದು ವಾಕ್ಯವಿದೆ: ಈ ಕುಟುಂಬಗಳಿಗೆ ಹೆಸರು ಬಂದದ್ದು ಕಸುಬಿನಿಂದ, ಕೊರಟಗೆರೆ ಮತ್ತು ಪಾವಗಡದ ಕುಟುಂಬಗಳ ನಡುವೆ ರಕ್ತಸಂಬಂಧವಿಲ್ಲ. "ಬಹುಶಃ" ಇಲ್ಲ, "ಕಂಡುಬರುತ್ತದೆ" ಇಲ್ಲ. ಪ್ರೊಫೆಸರರು ಆ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ "ಸ್ಪಷ್ಟವಾಗಿದೆ" ಎಂದು ಬರೆದು ನನ್ನ ಬೆನ್ನು ತಟ್ಟಿದರು.

ಆಮೇಲೆ ಮೂವತ್ತು ವರ್ಷ ದಾಖಲೆಗಳ ನಡುವೆಯೇ ಕೆಲಸ ಮಾಡಿದೆ. ಅನುಮಾನ ಪಡುವುದನ್ನು ಬಿಡಲಿಲ್ಲ, ಬಿಟ್ಟರೆ ಆ ಕೆಲಸ ಮಾಡಲಾಗದು. ಆದರೆ ಅನುಮಾನಕ್ಕೂ ಒಂದು ಅಳತೆ ಇದೆ, ಆ ಅಳತೆಯನ್ನೂ ಕೇಳಿದವರಿಗೆ ಹೇಳಬೇಕು ಎಂದು ಈ ಪ್ರಕರಣದಿಂದ ಕಲಿತೆ. ಅಂದು ನನ್ನೊಳಗಿದ್ದ ಅನುಮಾನ ಸಾಸಿವೆಯಷ್ಟು. ನಂಬಿಕೆ ಬೆಟ್ಟದಷ್ಟಿತ್ತು. ನಾನು ಬೆಟ್ಟವನ್ನು ನನ್ನ ಬಳಿಯೇ ಇಟ್ಟುಕೊಂಡು ಸಾಸಿವೆಯನ್ನು ಆ ಜನರ ಕೈಗೆ ಕೊಟ್ಟೆ. ಅವರು ಅದರ ಮೇಲೆ ತೀರ್ಪು ಮಾಡಿದರು. ಈಗ ಯಾರಾದರೂ ನನ್ನ ನೆನಪನ್ನು ಆಧರಿಸಿ ಏನಾದರೂ ಕೇಳಿದರೆ, ಮೊದಲು ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಅನುಮಾನ ಆಮೇಲೆ. ಇದನ್ನು ಕಲಿಯುವುದಕ್ಕೆ ಆದ ವೆಚ್ಚವನ್ನು ನಾನು ಭರಿಸಲಿಲ್ಲ, ಅಂಜಿನಮ್ಮ ಭರಿಸಿದಳು.